ಇನ್ನೆಷ್ಟು ಗೆಲ್ಲಬೇಕು? ಇಂಡಿಯಾನಾ ಅಭಿಮಾನಿಗಳ ಫೆಬ್ರುವರಿ ಲೆಕ್ಕ

2025ರ ಜನವರಿ 14ರ ರಾತ್ರಿ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರಿನಲ್ಲಿ, ಇಂಡಿಯಾನಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ತವರು ಅಂಗಣವಾದ ಅಸೆಂಬ್ಲಿ ಹಾಲ್‌ನಲ್ಲಿ ಅರ್ಧ ಪಂದ್ಯ ಮುಗಿದಿತ್ತು. ಇಲಿನಾಯ್ 60, ಇಂಡಿಯಾನಾ 32. ಸ್ವಂತ ಮನೆಯಂಗಳದಲ್ಲಿ 28 ಪಾಯಿಂಟ್ ಹಿಂದೆ. ಮೂರು ದಿನ ಮುಂಚೆಯಷ್ಟೇ ಅಯೋವಾದಲ್ಲಿ 85-60ರಿಂದ ಸೋತು ಬಂದಿದ್ದ ತಂಡ ಅದು. ಹದಿನೇಳು ಸಾವಿರ ಜನ ಕೂರುವ ಆ ಸಭಾಂಗಣದಿಂದ ಆ ರಾತ್ರಿ ಕೇಳಿಬಂದದ್ದು ‘ಫೈರ್ ವುಡ್ಸನ್’ ಎಂಬ ಕೂಗು. ಕೋಚ್‌ನನ್ನು ಮನೆಗೆ ಕಳಿಸಿ ಎಂದು ಅವನ ಮುಂದೆಯೇ, ಅವನದೇ ಜನ ಕೂಗುತ್ತಿದ್ದರು.

ಆ ಮೈಕ್ ವುಡ್ಸನ್ ಹೊರಗಿನವನಾಗಿದ್ದರೆ ಈ ಕಥೆಗೆ ಇಷ್ಟು ನೋವು ಇರುತ್ತಿರಲಿಲ್ಲ. ಇಂಡಿಯಾನಾಪೊಲಿಸ್‌ನ ಬ್ರಾಡ್ ರಿಪಲ್ ಹೈಸ್ಕೂಲಿನಲ್ಲಿ ಆಡಿ ಬೆಳೆದ ಹುಡುಗ. 1976ರಿಂದ 1980ರವರೆಗೆ ಇದೇ ವಿಶ್ವವಿದ್ಯಾಲಯಕ್ಕೆ, ದಂತಕಥೆಯಾದ ಕೋಚ್ ಬಾಬ್ ನೈಟ್ ಕೈಕೆಳಗೆ ಆಡಿದವನು. ಆಮೇಲೆ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಟಗಾರ, ಅಟ್ಲಾಂಟಾ ಮತ್ತು ನ್ಯೂಯಾರ್ಕ್ ತಂಡಗಳಿಗೆ ಕೋಚ್. 2021ರಲ್ಲಿ ವಿಶ್ವವಿದ್ಯಾಲಯ ಕರೆದಾಗ ತವರಿಗೆ ಮರಳಿದ. ಬಂದ ಮೊದಲೆರಡು ವರ್ಷ ತಂಡವನ್ನು ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಎನ್‌ಸಿಎಎ ಟೂರ್ನಿಗೆ ಕೊಂಡೊಯ್ದ. ಮೂರನೇ ವರ್ಷ ತಪ್ಪಿತು. ಇದು ನಾಲ್ಕನೆಯದು.

ಇಂಡಿಯಾನಾದವರಿಗೆ ಬಾಸ್ಕೆಟ್‌ಬಾಲ್ ಎಂದರೆ ಏನು ಎಂಬುದನ್ನು ನಮ್ಮವರಿಗೆ ಹೇಳುವುದು ಕಷ್ಟವಲ್ಲ, ನಾವೂ ಒಂದು ಆಟಕ್ಕೆ ಹಾಗೆ ಅಂಟಿಕೊಂಡ ಜನವೇ. ಅಸೆಂಬ್ಲಿ ಹಾಲ್‌ನಲ್ಲಿ ಬುಟ್ಟಿಯ ಹಿಂದೆ ಐದು ಚಾಂಪಿಯನ್‌ಷಿಪ್ ಬ್ಯಾನರ್‌ಗಳು ತೂಗುತ್ತವೆ: 1940, 1953, 1976, 1981, 1987. ಅದರಲ್ಲಿ 1976ರದ್ದು ಒಂದು ಪಂದ್ಯವನ್ನೂ ಸೋಲದ ತಂಡ, 32-0. ಪುರುಷರ ವಿಭಾಗದಲ್ಲಿ ಅಲ್ಲಿಂದೀಚೆಗೆ ಯಾವ ತಂಡಕ್ಕೂ ಅದು ಸಾಧ್ಯವಾಗಿಲ್ಲ. ಆದರೆ ಕೊನೆಯ ಬ್ಯಾನರಿನ ವರ್ಷವನ್ನು ಇನ್ನೊಮ್ಮೆ ನೋಡಿ. ಕಡೆಯ ಸಲ ಫೈನಲ್ ಆಡಿದ್ದು 2002ರಲ್ಲಿ. ಈಗ ಕಾಲೇಜಿಗೆ ಸೇರುವ ಹುಡುಗ ಹುಟ್ಟುವ ಮುಂಚಿನ ಮಾತು. ಪ್ರತಿ ಪಂದ್ಯದಲ್ಲೂ ಆ ಐದು ಬ್ಯಾನರ್‌ಗಳ ಕೆಳಗೆ ಆಡಬೇಕಾದ ಹುಡುಗರ ಹೆಗಲ ಮೇಲಿನ ಭಾರವನ್ನು ಅಭಿಮಾನಿಗಳು ಮರೆಯುತ್ತಾರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ವುಡ್ಸನ್‌ನ ನಾಲ್ಕನೇ ವರ್ಷ ಇನ್ನೊಂದು ಸಂಗತಿಯೂ ಸೇರಿಕೊಂಡಿತು. ಯಾವತ್ತೂ ಹಿಂದುಳಿದಿದ್ದ ಇಂಡಿಯಾನಾದ ಅಮೆರಿಕನ್ ಫುಟ್‌ಬಾಲ್ ತಂಡ 2024ರಲ್ಲಿ ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11 ಪಂದ್ಯ ಗೆದ್ದು, ಎರಡನ್ನಷ್ಟೇ ಸೋತಿತು. ಒಂದೇ ವರ್ಷದಲ್ಲಿ ಅವರು ಹೀಗೆ ಮಾಡಬಲ್ಲರಾದರೆ ನಾಲ್ಕು ವರ್ಷವಾದರೂ ನಮಗೇಕೆ ಆಗಲಿಲ್ಲ ಎಂಬ ಪ್ರಶ್ನೆ ಹುಟ್ಟಿದ್ದು ಸಹಜ. ತಾಳ್ಮೆ ಮೊದಲೇ ತೆಳುವಾಗಿತ್ತು, ಇನ್ನಷ್ಟು ತೆಳುವಾಯಿತು.

ಸೋಜಿಗವೆಂದರೆ ಆ ಎರಡು ಹೀನಾಯ ಸೋಲಿಗೆ ಮುಂಚೆ ತಂಡದ ಲೆಕ್ಕ 13 ಗೆಲುವು, 3 ಸೋಲು. ಕಾಗದದ ಮೇಲೆ ಚೆಂದದ ಅಂಕಿ. ಆದರೂ ಬಲ್ಲವರಿಗೆ ಒಳಗೊಳಗೇ ಕಳವಳವಿತ್ತು. ಅದು ಏಕೆ ಎಂದು ತಿಳಿಯಬೇಕಾದರೆ ಎನ್‌ಸಿಎಎ ಟೂರ್ನಿಗೆ ತಂಡಗಳನ್ನು ಆರಿಸುವ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

2025ರಲ್ಲಿ ಮಾರ್ಚ್ ತಿಂಗಳ ಆ ಟೂರ್ನಿಗೆ 68 ತಂಡಗಳು. ಅದರಲ್ಲಿ 31 ಜಾಗ ಆಯಾ ಕಾಲೇಜು ಗುಂಪಿನ, ಅಂದರೆ ಕಾನ್ಫರೆನ್ಸ್‌ನ ಚಾಂಪಿಯನ್‌ಗಳಿಗೆ ನೇರವಾಗಿ ಹೋಯಿತು. ಉಳಿದ 37ನ್ನು ಹಂಚಿದ್ದು 12 ಜನರ ಸಮಿತಿ. ಈ 37ರ ಅಂಚಿನಲ್ಲಿ ನಿಂತ ತಂಡಗಳಿಗೆ ‘ಬಬಲ್ ಮೇಲಿವೆ’ ಎನ್ನುತ್ತಾರೆ. ನೀರ್ಗುಳ್ಳೆಯ ಮೇಲೆ ನಿಂತ ಸ್ಥಿತಿ, ಯಾವಾಗ ಒಡೆಯುತ್ತದೋ ಗೊತ್ತಿಲ್ಲ.

ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಉಳಿದ ಪಂದ್ಯಗಳ ಲೆಕ್ಕ ಹಾಕುವುದನ್ನು ಯಾರೂ ಕಲಿಸಬೇಕಿಲ್ಲ. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಒಂದನ್ನೇ ಗೆದ್ದಿದ್ದ ತಂಡ ಮುಂದಿನ ಆರನ್ನೂ ಗೆದ್ದು, ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ, ನೆಟ್ ರನ್ ರೇಟ್ ಬಲದಿಂದ ಪ್ಲೇಆಫ್ ಹೊಕ್ಕಿದ್ದನ್ನು ಯಾರು ಮರೆತಾರು? 18 ರನ್‌ಗಳಿಂದಾದರೂ ಗೆಲ್ಲಬೇಕು ಎಂಬುದು ಅಂದು ಮನೆಮನೆಗೂ ಗೊತ್ತಿತ್ತು. ಬ್ಲೂಮಿಂಗ್ಟನ್ನಿನ ಅಭಿಮಾನಿಗೆ ಆ ಭಾಗ್ಯವಿಲ್ಲ. ಇಷ್ಟು ಗೆದ್ದರೆ ಒಳಗೆ ಎಂದು ಹೇಳುವ ಪಾಯಿಂಟ್ ಪಟ್ಟಿ ಅಲ್ಲಿಲ್ಲ. 360ಕ್ಕೂ ಹೆಚ್ಚು ತಂಡಗಳು, ಒಂದೊಂದಕ್ಕೂ ಬೇರೆ ಬೇರೆ ಎದುರಾಳಿಗಳು. ಒಂದರ 20 ಗೆಲುವು ಇನ್ನೊಂದರ 20 ಗೆಲುವಿಗೆ ಸಮವಲ್ಲ.

ಅದಕ್ಕಾಗಿ 2018-19ರ ಋತುವಿನಿಂದ ‘ನೆಟ್’ ಎಂಬ ಶ್ರೇಯಾಂಕ ಬಳಕೆಗೆ ಬಂತು. ಯಾರ ಮೇಲೆ ಗೆದ್ದಿರಿ, ಎಲ್ಲಿ ಗೆದ್ದಿರಿ, ನೂರು ಸಲ ಚೆಂಡು ಕೈಗೆ ಬಂದರೆ ಎಷ್ಟು ಪಾಯಿಂಟ್ ಗಳಿಸುತ್ತೀರಿ, ಎಷ್ಟು ಬಿಟ್ಟುಕೊಡುತ್ತೀರಿ ಎಂಬುದನ್ನೆಲ್ಲ ಅದು ಅಳೆಯುತ್ತದೆ. ಸೋಲುವುದೇ ಖಚಿತವಾದ ಮೇಲೂ ಕೊನೆಯ ಐದು ನಿಮಿಷ ಹೇಗೆ ಆಡಿದಿರಿ ಎಂಬುದಕ್ಕೂ ಹಾಗಾಗಿ ಬೆಲೆಯಿದೆ. ಒಂದೇ ವಾರದಲ್ಲಿ ಎರಡು ಸಲ 25 ಪಾಯಿಂಟ್‌ಗಳ ಸೋಲು ಎಂದರೆ ಬರೀ ಎರಡು ಸೋಲಲ್ಲ.

ಅದಾದ ಮೇಲೆ ಪ್ರತಿ ಪಂದ್ಯವನ್ನೂ ನಾಲ್ಕು ಕ್ವಾಡ್‌ಗಳಲ್ಲಿ, ಅಂದರೆ ನಾಲ್ಕು ದರ್ಜೆಗಳಲ್ಲಿ, ಒಂದಕ್ಕೆ ಹಾಕುತ್ತಾರೆ. ತವರಿನಲ್ಲಿ ಆಡಿದರೆ ಎದುರಾಳಿ ನೆಟ್ ಪಟ್ಟಿಯ ಮೊದಲ 30ರೊಳಗೆ, ತಟಸ್ಥ ಅಂಗಣವಾದರೆ ಮೊದಲ 50ರೊಳಗೆ, ಎದುರಾಳಿಯ ಊರಿನಲ್ಲಾದರೆ ಮೊದಲ 75ರೊಳಗೆ ಇದ್ದರೆ ಅದು ಕ್ವಾಡ್ ಒನ್ ಪಂದ್ಯ. ಸಮಿತಿಯ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಇನ್ನೊಂದು ಸೂಕ್ಷ್ಮ ಇದೆ: ಪಂದ್ಯ ಆಡಿದ ದಿನದ ಶ್ರೇಯಾಂಕ ಇಲ್ಲಿ ಲೆಕ್ಕಕ್ಕಿಲ್ಲ, ಎದುರಾಳಿ ಇವತ್ತು ಎಲ್ಲಿದ್ದಾನೆ ಎಂಬುದೇ ಲೆಕ್ಕ. ನವೆಂಬರಿನಲ್ಲಿ ಇಂಡಿಯಾನಾ ಸೋಲಿಸಿದ್ದ ಸೌತ್ ಕೆರೊಲಿನಾ, ಪ್ರಾವಿಡೆನ್ಸ್ ಎರಡೂ ಹೆಸರಾಂತ ತಂಡಗಳೇ. ಆ ವರ್ಷ ಎರಡೂ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಅವು ಮುಳುಗಿದಂತೆಲ್ಲ ಇಂಡಿಯಾನಾದ ಆ ಗೆಲುವುಗಳ ಬೆಲೆಯೂ ಮುಳುಗಿತು.

ಈಗ 13-3ನ್ನು ಮತ್ತೆ ನೋಡಿ. ಆ ಮೂರು ಸೋಲುಗಳೆಂದರೆ ಬಹಾಮಾಸ್‌ನ ಟೂರ್ನಿಯಲ್ಲಿ ಲೂಯಿವಿಲ್ ಎದುರು 89-61, ಮರುದಿನ ಗೊಂಜಾಗಾ ಎದುರು 89-73, ಡಿಸೆಂಬರಿನಲ್ಲಿ ನೆಬ್ರಾಸ್ಕಾ ಎದುರು 85-68. ಬಲಿಷ್ಠರು ಎದುರಾದಾಗಲೆಲ್ಲ ಸೋಲು, ಅದೂ ದೊಡ್ಡ ಅಂತರದ ಸೋಲು. ಜನವರಿಯಲ್ಲಿ ಕೂಗಿದ ಜನರಿಗೆ ಕ್ವಾಡ್ ಲೆಕ್ಕ ಬರುತ್ತಿತ್ತೋ ಇಲ್ಲವೋ, ಅವರ ಕಣ್ಣು ಸುಳ್ಳು ಹೇಳಿರಲಿಲ್ಲ.

ಋತು ಆರಂಭವಾಗುವ ಮುಂಚೆ ಇದೇ ತಂಡಕ್ಕೆ ಕ್ರೀಡಾ ಪತ್ರಕರ್ತರು ಮತ ಹಾಕಿ ಮಾಡುವ ಎಪಿ ಪಟ್ಟಿಯಲ್ಲಿ 17ನೇ ಸ್ಥಾನ ಕೊಟ್ಟಿದ್ದರು. ಬೇಸಿಗೆಯಲ್ಲಿ ಬಂದವರ ಹೆಸರು ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅರಿಜೋನಾದಿಂದ ಮಾಲಿ ದೇಶದ ಏಳಡಿ ಎತ್ತರದ ಊಮಾರ್ ಬಾಲೊ, ವಾಷಿಂಗ್ಟನ್ ಸ್ಟೇಟ್‌ನಿಂದ ಮೈಲ್ಸ್ ರೈಸ್, ಸ್ಟ್ಯಾನ್‌ಫರ್ಡ್‌ನಿಂದ ಕನಾನ್ ಕಾರ್ಲೈಲ್, ಇಲಿನಾಯ್‌ನಿಂದ ಲೂಕ್ ಗುಡ್. ಎಲ್ಲರೂ ಕಾಲೇಜು ಬದಲಿಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬಂದವರು. ಮೊದಲು ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದು ಸಲದ ಮಟ್ಟಿಗೆ ಆ ಕಟ್ಟು ಸಡಿಲವಾಯಿತು. 2024ರ ಏಪ್ರಿಲ್‌ನಲ್ಲಿ ಪೂರ್ತಿ ಬಿಚ್ಚಿಹೋಯಿತು. ಓದಿನ ಷರತ್ತು ಪೂರೈಸಿದರೆ ಸಾಕು, ಪ್ರತಿ ವರ್ಷ ಹೊಸ ಕಾಲೇಜು ಸೇರಿ ಆ ವರ್ಷವೇ ಆಡಬಹುದು. 2021ರಿಂದಲೇ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಲೂ ದಾರಿಯಾಗಿತ್ತು. ಅದರಿಂದ ಹುಡುಗರ ಕೈಗೆ ನಾಲ್ಕು ಕಾಸು ಬಂತು, ಅದು ಬರಲೇಬೇಕಿತ್ತು. ಅವರ ಬೆವರಿನ ಮೇಲೆ ಎಷ್ಟೋ ದಶಕ ಬೇರೆಯವರಷ್ಟೇ ದುಡ್ಡು ಮಾಡಿದ್ದರು.

ಆದರೆ ಅಂಗಣದಲ್ಲಿ ಆದದ್ದೇನು? ಬಾಲೊ ಆಡುವ ಜಾಗ ಬುಟ್ಟಿಯ ಬುಡ. ಮೊದಲಿನಿಂದ ತಂಡದಲ್ಲಿದ್ದ ಮಾಲಿಕ್ ರೆನೊ ಆಡುವುದೂ ಬಹುಪಾಲು ಅಲ್ಲಿಯೇ. ಇಬ್ಬರೂ ಒಟ್ಟಿಗೆ ಒಳಗೆ ನಿಂತರೆ ಅವರನ್ನು ಕಾಯುವ ಇಬ್ಬರೂ ಒಳಗೇ ನಿಲ್ಲುತ್ತಾರೆ. ರೈಸ್ ಚೆಂಡು ಹಿಡಿದು ನುಗ್ಗಲು ಹೋದರೆ ಎದುರಿಗೆ ಗೋಡೆ. ಗೋಡೆ ಒಡೆಯಬೇಕಾದರೆ ಹೊರಗಿನಿಂದ ಮೂರು ಪಾಯಿಂಟಿನ ಹೊಡೆತ ಬೀಳಬೇಕು. 22 ಅಡಿ ದೂರದ ಆ ಗೆರೆಯಾಚೆಯಿಂದ ಭಯ ಹುಟ್ಟಿಸುವವರು ತಂಡದಲ್ಲಿ ಸಾಕಷ್ಟಿರಲಿಲ್ಲ. ಎದುರಾಳಿಗಳಿಗೆ ಇದು ಬೇಗ ಗೊತ್ತಾಯಿತು. ಒಳಗೆ ಜನ ತುಂಬಿ, ಹೊರಗಿನವರಿಗೆ ‘ಹೊಡೆದುಕೊಳ್ಳಿ’ ಎಂದು ಬಿಟ್ಟರು. ಒಬ್ಬೊಬ್ಬರನ್ನೇ ತೂಗಿದರೆ ಒಳ್ಳೆಯ ಆಟಗಾರರೇ. ಐದು ಜನ ಕೂಡಿದಾಗ ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿಕೊಳ್ಳುತ್ತಿದ್ದರು. ಈ ದೋಷಕ್ಕೆ ವುಡ್ಸನ್‌ನೇ ಹೊಣೆ, ಆರಿಸಿದವನು ಅವನು. ಆ ಮಟ್ಟಿಗೆ ಅಭಿಮಾನಿಗಳ ಸಿಟ್ಟು ನ್ಯಾಯವಾದದ್ದೇ.

ಇಲಿನಾಯ್ ಸೋಲಿನ ಮೂರು ದಿನದ ಮೇಲೆ ಓಹಾಯೊ ಸ್ಟೇಟ್ ಊರಿಗೆ ಹೋಗಿ ಹೆಚ್ಚುವರಿ ಅವಧಿಯಲ್ಲಿ 77-76ರಿಂದ ಗೆದ್ದರು. ಆಮೇಲೆ ಸತತ ಐದು ಸೋಲು. ಆ ಐದರಲ್ಲಿ ಜೀವ ಹಿಂಡುವಂಥವು ಮೂರು. ತವರಿನಲ್ಲಿ ಮೇರಿಲ್ಯಾಂಡ್ ಎದುರು 79-78, ಕೊನೆಯ ಕ್ಷಣಗಳಲ್ಲಿ ಬಿದ್ದ ಮೂರು ಪಾಯಿಂಟಿನ ಹೊಡೆತಕ್ಕೆ. ಕಡುವೈರಿ ಪರ್ಡ್ಯೂ ಊರಿನಲ್ಲಿ 81-76. ಮತ್ತೆ ತವರಿನಲ್ಲಿ ಮಿಷಿಗನ್ ಎದುರು 70-67. ಆ ಕೊನೆಯ ಪಂದ್ಯದ ಹಿಂದಿನ ದಿನ, ಫೆಬ್ರುವರಿ 7ರಂದು, ಋತು ಮುಗಿದ ಮೇಲೆ ವುಡ್ಸನ್ ಹುದ್ದೆ ಬಿಡುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು.

ಲೆಕ್ಕ 14-10ಕ್ಕೆ ಬಂದು ನಿಂತಿತ್ತು. ಉಳಿದದ್ದು ಏಳು ಪಂದ್ಯ: ಮಿಷಿಗನ್ ಸ್ಟೇಟ್, ವಾಷಿಂಗ್ಟನ್, ಆರೆಗನ್ ಊರುಗಳಲ್ಲಿ ಒಂದೊಂದು, ಯುಸಿಎಲ್‌ಎ, ಪರ್ಡ್ಯೂ, ಪೆನ್ ಸ್ಟೇಟ್, ಓಹಾಯೊ ಸ್ಟೇಟ್ ಎದುರು ತವರಿನಲ್ಲಿ. ಅಭಿಮಾನಿಗಳಲ್ಲಿ ಎರಡು ಪಂಗಡ. ಮುಗಿಯಿತು, ಇನ್ನು ಮುಂದಿನ ಕೋಚ್ ಯಾರು ಎಂದು ನೋಡೋಣ ಎನ್ನುವವರು ಒಂದು ಕಡೆ. ಬೆರಳು ಮಡಚುತ್ತ ಇದು ಗೆದ್ದರೆ, ಅದು ಗೆದ್ದರೆ ಎನ್ನುವವರು ಇನ್ನೊಂದು ಕಡೆ. ಈ ಎರಡನೆಯವರ ಮೇಲೆ ನನಗೆ ಮೊದಲಿನಿಂದಲೂ ಮಮತೆ. ಅವರನ್ನು ಅಮಾಯಕರೆನ್ನುವುದು ಸುಲಭ. ಆದರೆ ಆ ಪಟ್ಟಿಯಲ್ಲಿ ಕ್ವಾಡ್ ಒನ್ ಅವಕಾಶಗಳು ನಿಜಕ್ಕೂ ಇದ್ದವು, ದಾರಿ ಮುಚ್ಚಿರಲಿಲ್ಲ.

ಫೆಬ್ರುವರಿ 11. ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮಿಷಿಗನ್ ಸ್ಟೇಟ್ ಎದುರು. ಅಂದು ಗೆದ್ದಿದ್ದರೆ ಅಲ್ಲಿನ ಕೋಚ್ ಟಾಮ್ ಇಜೊ, ಇಂಡಿಯಾನಾ ಕೂಡ ಇರುವ ಬಿಗ್ ಟೆನ್ ಕಾನ್ಫರೆನ್ಸ್‌ನಲ್ಲಿ ಬಾಬ್ ನೈಟ್ ಹೆಸರಿನಲ್ಲಿದ್ದ 353 ಗೆಲುವುಗಳ ದಾಖಲೆಯನ್ನು ಮುಟ್ಟುತ್ತಿದ್ದ. ಎದುರು ಬೆಂಚಿನಲ್ಲಿ ಕುಳಿತಿದ್ದವನು ಅದೇ ನೈಟ್‌ನ ಶಿಷ್ಯ, ಕೆಲಸ ಹೋಗುತ್ತದೆಂದು ನಾಲ್ಕು ದಿನ ಮುಂಚೆ ಊರಿಗೆಲ್ಲ ಗೊತ್ತಾದವನು. ಇಂಡಿಯಾನಾ 71, ಮಿಷಿಗನ್ ಸ್ಟೇಟ್ 67. ಇಜೊ ಕೆಲವೇ ದಿನಗಳಲ್ಲಿ ಆ ದಾಖಲೆಯನ್ನು ಮುಟ್ಟಿದ, ದಾಟಿದ. ಇಂಥ ಹಿರಿಯನಿಗೆ ಅದು ಸಲ್ಲಬೇಕಾದದ್ದೇ. ಆದರೂ ಗುರುವಿನ ಲೆಕ್ಕವನ್ನು ಶಿಷ್ಯ ನಾಲ್ಕು ದಿನ ಹೆಚ್ಚು ಕಾಪಾಡಿದ ಆ ರಾತ್ರಿ ವುಡ್ಸನ್ ಬಗ್ಗೆ ಎಷ್ಟು ಸಿಟ್ಟಿದ್ದವರಿಗೂ ಗಂಟಲು ಬಿಗಿಯಿತು.

ಮುಂದಿನ ಪಂದ್ಯದಲ್ಲಿ ಯುಸಿಎಲ್‌ಎ ಎದುರು 72-68ರ ಸೋಲು. ಫೆಬ್ರುವರಿ 23ಕ್ಕೆ ಪರ್ಡ್ಯೂ ಬ್ಲೂಮಿಂಗ್ಟನ್ನಿಗೆ ಬಂತು. ಅರ್ಧ ಪಂದ್ಯಕ್ಕೆ ಪರ್ಡ್ಯೂ 37, ಇಂಡಿಯಾನಾ 25. ದ್ವಿತೀಯಾರ್ಧದ ಇಪ್ಪತ್ತು ನಿಮಿಷದಲ್ಲಿ ಇಂಡಿಯಾನಾ 48, ಪರ್ಡ್ಯೂ 21. ಮುಗಿದಾಗ 73-58. ಸುಮಾರು ಆರು ವಾರ ಹಿಂದೆ ಕೋಚ್‌ನನ್ನು ಓಡಿಸಿ ಎಂದು ಕೂಗಿದ್ದ ಅದೇ ಮೇಲ್ಛಾವಣಿಯ ಕೆಳಗೆ ಅಂದಿನ ಗದ್ದಲದ ಬಗೆಯೇ ಬೇರೆ. ಪೆನ್ ಸ್ಟೇಟ್, ವಾಷಿಂಗ್ಟನ್ ಎದುರೂ ಗೆದ್ದರು. ಆರೆಗನ್‌ನಲ್ಲಿ ಸೋತರು. ಮಾರ್ಚ್ 8ರಂದು ತವರಿನ ಕೊನೆಯ ಪಂದ್ಯದಲ್ಲಿ ಓಹಾಯೊ ಸ್ಟೇಟನ್ನು 66-60ರಿಂದ ಮಣಿಸಿದರು. ಉಳಿದ ಏಳರಲ್ಲಿ ಐದು ಗೆಲುವು. ಜನವರಿಯಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ನಂಬುವವರಿರಲಿಲ್ಲ.

ಈ ಬದಲಾವಣೆಯಲ್ಲಿ ನನಗೆ ಮುಖ್ಯವಾಗಿ ಕಂಡ ಹೆಸರು ಆಂಥನಿ ಲೀಲ್. ಬ್ಲೂಮಿಂಗ್ಟನ್ನಿನವನೇ. 2020ರಲ್ಲಿ ರಾಜ್ಯದ ಅತ್ಯುತ್ತಮ ಹೈಸ್ಕೂಲ್ ಆಟಗಾರನಿಗೆ ಕೊಡುವ ‘ಮಿಸ್ಟರ್ ಬಾಸ್ಕೆಟ್‌ಬಾಲ್’ ಗೌರವ ಪಡೆದು ಊರಿನ ತಂಡವನ್ನೇ ಸೇರಿದವನು. ವರ್ಷಗಟ್ಟಲೆ ಬೆಂಚಿನ ಮೇಲೆ ಕುಳಿತ. ಪೋರ್ಟಲ್ ತೆರೆದೇ ಇತ್ತು, ಹೋಗಲಿಲ್ಲ. 2021ರ ಕ್ರಿಸ್‌ಮಸ್ ಹೊತ್ತಿಗೆ, ಜಾಹೀರಾತಿನಿಂದ ಬಂದ ಹಣದಲ್ಲಿ ಅಕ್ಕನ ಓದಿನ ಸಾಲ ತೀರಿಸಿದ ಹುಡುಗ ಎಂದು ದೇಶದಲ್ಲೆಲ್ಲ ಸುದ್ದಿಯಾಗಿದ್ದ. ಐದನೇ ವರ್ಷದಲ್ಲಿ, ಋತುವಿನ ಉತ್ತರಾರ್ಧದಲ್ಲಿ, ಆರಂಭದ ಐವರಲ್ಲಿ ಅವನಿಗೆ ಜಾಗ ಸಿಕ್ಕಿತು. ಅವನೇನು ಮೂವತ್ತು ಪಾಯಿಂಟ್ ಹೊಡೆಯುವವನಲ್ಲ. ಎದುರಾಳಿಯ ಒಳ್ಳೆಯ ಆಟಗಾರನ ಎದೆಗೆ ಎದೆಯೊಡ್ಡಿ ನಿಲ್ಲುವುದು, ಜಾರಿದ ಚೆಂಡಿಗೆ ನೆಲಕ್ಕೆ ಬೀಳುವುದು, ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿರುವುದು ಅವನ ಕೆಲಸ. ಐದು ವರ್ಷ ಇಂಡಿಯಾನಾದಲ್ಲೇ ಕಳೆದ ಟ್ರೇ ಗ್ಯಾಲೊವೆ ಜೊತೆ ಅವನು ನಿಂತ ಮೇಲೆ ಹೊಸಬರಿಗೂ ತಮ್ಮ ತಮ್ಮ ಜಾಗ ತಿಳಿಯತೊಡಗಿದಂತೆ ಕಾಣುತ್ತಿತ್ತು.

ಅಂದರೆ ಆ ತಂಡ ತಂಡವಾಗಲು ಫೆಬ್ರುವರಿಯವರೆಗೆ ಬೇಕಾಯಿತು. ನನ್ನ ಮಾತಿನ ತಿರುಳು ಇಲ್ಲಿದೆ. ಜೂನ್‌ನಲ್ಲಿ ನಾಲ್ಕು ದಿಕ್ಕಿನಿಂದ ಬಂದ ಹುಡುಗರು ನವೆಂಬರಿನಲ್ಲಿ ಒಬ್ಬರ ಮನಸ್ಸು ಒಬ್ಬರು ಓದಿ ಆಡಲಾರರು, ಅದಕ್ಕೆ ಸಮಯ ಬೇಕು. ಪೋರ್ಟಲ್ ಕಾಲದಲ್ಲಿ ಇದು ಬಹುತೇಕ ಎಲ್ಲ ತಂಡಗಳ ಪಾಡು. ಆಯ್ಕೆಯ ಕ್ರಮ ಹೋಗಿರುವುದು ಇದರ ವಿರುದ್ಧ ದಿಕ್ಕಿಗೆ. ಒಂದು ಕಾಲದಲ್ಲಿ ಕೊನೆಯ ಹತ್ತು-ಹನ್ನೆರಡು ಪಂದ್ಯಗಳ ಫಲಿತಾಂಶ ಸಮಿತಿಯ ಮುಂದಿನ ಹಾಳೆಯಲ್ಲಿ ಪ್ರತ್ಯೇಕ ಸಾಲಾಗಿರುತ್ತಿತ್ತು. ಹದಿನೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಅದನ್ನು ಕೈಬಿಟ್ಟರು. ನವೆಂಬರಿನ ಪಂದ್ಯಕ್ಕೂ ಮಾರ್ಚ್‌ನ ಪಂದ್ಯಕ್ಕೂ ಈಗ ಒಂದೇ ತೂಕ. ನಾಲ್ಕು ವರ್ಷ ಒಟ್ಟಿಗೆ ಆಡುವ ಹುಡುಗರಿದ್ದ ಕಾಲಕ್ಕೆ ಅದು ನ್ಯಾಯವಾಗಿತ್ತು. ವರ್ಷಕ್ಕೊಂದು ಹೊಸ ತಂಡ ಕಟ್ಟುವ ಕಾಲಕ್ಕೆ, ಯಾರು ಬೇಗ ಒಗ್ಗಿಕೊಂಡರೋ ಅವರಿಗೆ ಮಣೆ, ಯಾರು ನಿಧಾನವಾಗಿ ಬಲಿತರೋ ಅವರಿಗೆ ಮುಚ್ಚಿದ ಬಾಗಿಲು. ಬಹಾಮಾಸ್‌ನಲ್ಲಿ ಎರಡು ದಿನದಲ್ಲಿ ಬಿದ್ದ ಪೆಟ್ಟನ್ನು ಮೂರು ತಿಂಗಳ ಮೇಲೆ ಪರ್ಡ್ಯೂ ಗೆಲುವೂ ಮಾಯಿಸಲಿಲ್ಲ.

ಮಾರ್ಚ್ 13ರಂದು ಇಂಡಿಯಾನಾಪೊಲಿಸ್‌ನಲ್ಲಿ ಬಿಗ್ ಟೆನ್ ಟೂರ್ನಿಯ ಪಂದ್ಯ. ಮತ್ತೆ ಆರೆಗನ್. ಆ ಒಂದು ಗೆಲುವು ಸಿಕ್ಕಿದ್ದರೆ ಬಹುಶಃ ದಡ ಸೇರುತ್ತಿದ್ದರು. 72-59ರಿಂದ ಸೋತರು. ಒಟ್ಟು 19 ಗೆಲುವು, 13 ಸೋಲು.

ಮೂರು ದಿನದ ಮೇಲೆ ಸೆಲೆಕ್ಷನ್ ಸಂಡೇ, ಸಮಿತಿ ತಂಡಗಳ ಹೆಸರು ಪ್ರಕಟಿಸುವ ಭಾನುವಾರ. ಇಂಡಿಯಾನಾದ ಹೆಸರು ಬರಲಿಲ್ಲ. ಕೊನೆಗೆ ಕೈತಪ್ಪಿದ ನಾಲ್ಕು ತಂಡಗಳ ಪಟ್ಟಿಯಲ್ಲಿ ವೆಸ್ಟ್ ವರ್ಜೀನಿಯಾ ಮೊದಲು, ಇಂಡಿಯಾನಾ ಎರಡನೆಯದು. ಹದಿಮೂರು ಸೋಲುಗಳೂ ಕ್ವಾಡ್ ಒನ್ ಪಂದ್ಯಗಳಲ್ಲೇ, ದುರ್ಬಲರ ಎದುರು ಒಂದೂ ಸೋತಿರಲಿಲ್ಲ. ಕ್ವಾಡ್ ಒನ್‌ನಲ್ಲಿ 4 ಗೆಲುವು, 13 ಸೋಲು. ಅದೇ ವಿಭಾಗದಲ್ಲಿ 1 ಗೆಲುವು, 12 ಸೋಲು ಇದ್ದ ನಾರ್ತ್ ಕೆರೊಲಿನಾ ಒಳಗೆ ಹೋಯಿತು. ಸಮಿತಿಯ ಅಧ್ಯಕ್ಷರಾಗಿದ್ದವರು ಅದೇ ನಾರ್ತ್ ಕೆರೊಲಿನಾದ ಕ್ರೀಡಾ ನಿರ್ದೇಶಕ ಬಬ್ಬಾ ಕನ್ನಿಂಗ್‌ಹ್ಯಾಮ್. ನಿಯಮದಂತೆ ತಮ್ಮ ತಂಡದ ಚರ್ಚೆ ನಡೆಯುವಾಗ ಅವರು ಕೋಣೆಯಿಂದ ಹೊರಗಿದ್ದರು. ಆದರೂ ವೆಸ್ಟ್ ವರ್ಜೀನಿಯಾದ ಗವರ್ನರ್ ಪತ್ರಿಕಾಗೋಷ್ಠಿ ಕರೆದು ಪ್ರತಿಭಟಿಸುವ ಮಟ್ಟಕ್ಕೆ ವಿಷಯ ಹೋಯಿತು. ಅಕ್ರಮ ನಡೆಯಿತು ಎಂದು ನಾನು ಹೇಳುವುದಿಲ್ಲ. ನಾರ್ತ್ ಕೆರೊಲಿನಾ ಮೊದಲ ಸುತ್ತಿಗೂ ಮುಂಚಿನ ಪಂದ್ಯದಲ್ಲಿ ಸ್ಯಾನ್ ಡಿಯಾಗೊ ಸ್ಟೇಟನ್ನು 95-68ರಿಂದ ಸೋಲಿಸಿ ತನ್ನ ಮಟ್ಟಿಗೆ ಉತ್ತರವನ್ನೂ ಕೊಟ್ಟಿತು. ಆದರೆ ಬಲಿಷ್ಠರನ್ನು ನಾಲ್ಕು ಸಲ ಮಣಿಸಿದ್ದಕ್ಕಿಂತ ಒಂದು ಸಲ ಮಣಿಸಿದ್ದು ಮೇಲಾಗುವುದು ಹೇಗೆ ಎಂದು ಸಾಮಾನ್ಯ ಅಭಿಮಾನಿಗೆ ತಿಳಿಹೇಳಲಾಗದ ಪದ್ಧತಿಯಲ್ಲಿ ಏನೋ ಕೊರತೆ ಇದೆ.

ಎರಡೇ ದಿನದ ಮೇಲೆ ಇಂಡಿಯಾನಾ ಹೊಸ ಕೋಚ್‌ನ ಹೆಸರು ಪ್ರಕಟಿಸಿತು: ಡೇರಿಯನ್ ಡಿವ್ರೀಸ್. ಅಲ್ಲಿಯವರೆಗೆ ಅವನು ವೆಸ್ಟ್ ವರ್ಜೀನಿಯಾದ ಕೋಚ್, ಅಂದರೆ ಪಟ್ಟಿಯಲ್ಲಿ ಇಂಡಿಯಾನಾಕ್ಕಿಂತ ಒಂದೇ ಮೆಟ್ಟಿಲು ಮೇಲೆ ನಿಂತು ಹೊರಗುಳಿದ ತಂಡದವನು. ಅವನ ಮಗ ಟಕರ್ ಕೂಡ ಆಟಗಾರನಾಗಿ ಜೊತೆಗೆ ಬಂದ. ಹಳೆಯ ತಂಡ ಹೆಚ್ಚುಕಡಿಮೆ ಪೂರ್ತಿ ಚದುರಿತು. ಕೆಲವರ ಕಾಲೇಜು ಅವಧಿ ಮುಗಿದಿತ್ತು, ಉಳಿದವರು ಪೋರ್ಟಲ್ ಹಿಡಿದರು. ಜೂನ್ 2025ರಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ಈಗ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಆಟಗಳೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ ಡಾಲರ್. ಹೊಸ ಕೋಚ್ ಕೂಡ ಬೇಸಿಗೆಯಲ್ಲಿ ನಾಲ್ಕು ದಿಕ್ಕಿನಿಂದ ಹುಡುಗರನ್ನು ಕೂಡಿಸಿಯೇ ತಂಡ ಕಟ್ಟಿದ. ಈ ಸಲ ಬುಟ್ಟಿಯ ಬುಡದಲ್ಲಿ ಇಬ್ಬರನ್ನು ನಿಲ್ಲಿಸುವ ಬದಲು ದೂರದಿಂದ ಹೊಡೆಯಬಲ್ಲವರನ್ನು ಹುಡುಕಿ ತಂದ.

ಹಾಗಾಗಿ ಪ್ರತಿ ಫೆಬ್ರುವರಿಯಲ್ಲಿ ಇನ್ನೆಷ್ಟು ಗೆಲ್ಲಬೇಕು ಎಂದು ಕೇಳುವ ಗೆಳೆಯರಿಗೆ ನಾನು ನವೆಂಬರಿನ ವೇಳಾಪಟ್ಟಿ ತೆಗೆಯಿರಿ ಎನ್ನುತ್ತೇನೆ. ಥ್ಯಾಂಕ್ಸ್‌ಗಿವಿಂಗ್ ವಾರದ ಟೂರ್ನಿಯಲ್ಲಿ ಎಷ್ಟು ಅಂತರದಿಂದ ಸೋತಿರಿ, ಅಂದು ನೀವು ಸೋಲಿಸಿದ ತಂಡಗಳು ಇಂದು ಎಲ್ಲಿವೆ, ಉಳಿದವರಲ್ಲಿ ಮೊದಲ 30ರೊಳಗಿನವರು ಎಷ್ಟು ಜನ ನಿಮ್ಮ ಊರಿಗೆ ಬರುತ್ತಾರೆ. ಈ ಮೂರು ಗೊತ್ತಾದರೆ ಬೆರಳು ಮಡಚಬೇಕೋ ಬೇಡವೋ ತಿಳಿಯುತ್ತದೆ. ಮಾರ್ಚ್ 8ರ ಸಂಜೆ ಅಸೆಂಬ್ಲಿ ಹಾಲ್‌ನಲ್ಲಿ ಉಳಿದವರು ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅಂದು ಹಿರಿಯ ಆಟಗಾರರಿಗೆ ಬೀಳ್ಕೊಡುಗೆ. ಐದು ವರ್ಷ ಅಲ್ಲೇ ಇದ್ದ ಊರ ಹುಡುಗ ಲೀಲ್ ಕೊನೆಯ ಸಲ ಆ ಅಂಗಣದಿಂದ ಇಳಿದು ಹೋಗುವುದನ್ನು ಅವರು ನಿಂತು ನೋಡಿದರು.